ಶಿಡ್ಲಘಟ್ಟದ ಹಳೆಯ ಚಿತ್ರಗಳು ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಹಳೆಯ ಫೋಟೊಗಳನ್ನು ಈ ಗುಂಪಿನಲ್ಲಿ ಒಟ್ಟು ಮಾಡುತ್ತಿದ್ದೇವೆ. 2007ಕ್ಕೆ ಹಿಂದಿನವು, ಅಂದರೆ ಇನ್ನೂ ಕೋಲಾರ ಜಿಲ್ಲೆಗೆ ಸೇರಿದ್ದ ಕಾಲದವು ಇದ್ದರೆ ಮೊದಲು ಅವನ್ನೇ ಹಾಕಿ.

ಮುಖ್ಯವಾಗಿ ಬೇಕಿರುವುದು ರೇಷ್ಮೆ ಮನೆಗಳ ಚಿತ್ರ. ನಾಲ್ಕನೇ ಜ್ವರ (ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವಾಗ ಮನೆಯೊಳಗೆ ಸೋನೆ ಮಳೆ ಹಿಡಿದಂಥ ಸದ್ದು. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಒಂದೊಂದಾಗಿ ಆರಿಸಿ ಚಂದ್ರಂಕಿಗೆ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗೆ) ಬಿಡುತ್ತಿದ್ದ ಅಜ್ಜಿಯ ಬೆರಳುಗಳು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ. ಇನ್ನು ನೂಲು ತೆಗೆಯುವ ಬೀದಿಗೆ ಕಾಲಿಟ್ಟರೆ ಸಾಕು, ಬಿಸಿನೀರಿನಲ್ಲಿ ಗೂಡು ಬೇಯುವ ವಾಸನೆ. ಅದು ಫೋಟೊದಲ್ಲಿ ಸಿಗುವುದಿಲ್ಲ. ನೆನಪಿರುವವರು ಎರಡು ಸಾಲು ಬರೆಯಲೇಬೇಕು.

ಗೂಡು ಬೆಳೆಯುವವರು ಸುತ್ತಲ ಹಳ್ಳಿಯವರು, ನೂಲು ತೆಗೆಯುವವರು ಪಟ್ಟಣದವರು. ಇಬ್ಬರ ಮನೆಯ ಚಿತ್ರವೂ ಬರಲಿ, ಒಂದನ್ನು ಬಿಟ್ಟರೆ ಊರಿನ ಕಥೆ ಅರ್ಧವೇ. ಗೂಡಿನ ಮಾರುಕಟ್ಟೆಯಲ್ಲಿ ಈಗ ಇ-ಹರಾಜು. ಹಿಂದಿನ ಹರಾಜನ್ನು ಕಂಡ ಹಿರಿಯರು ಧ್ವನಿ ಸಂದೇಶ ಕಳುಹಿಸಿದರೂ ಸರಿ, ನಾನೇ ಕೇಳಿ ಬರೆದುಕೊಳ್ಳುತ್ತೇನೆ.

ಚಿತ್ರದ ಕೆಳಗೆ ಬೀದಿಯ ಹೆಸರು, ಸುಮಾರು ವರ್ಷ ನಮೂದಿಸಿ. ಭಾನುವಾರದವರೆಗೆ ಗುಂಪಿನಲ್ಲಿ ಬೇರೆ ಸಂದೇಶ ದಯವಿಟ್ಟು ಬೇಡ.