ಉರಿಯ ಕಡೆ ಗಮನ ಇರಲಿ ಮಗಳೇ

ಪ್ರೀತಿಯ ಪುಟ್ಟಿ,

ಆಲೂಗಡ್ಡೆ ಹುರಿದರೆ ಕೆಂಪಗೆ ಗರಿಗರಿಯಾಗಿ ಬರುವುದೇ ಇಲ್ಲ, ಮೆತ್ತಗಾಗಿ ಬಾಣಲೆಗೆ ಅಂಟಿಕೊಳ್ಳುತ್ತದೆ, ಯಾಕಪ್ಪಾ ಅಂತ ಕೇಳಿದ್ದೀಯ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇದೊಂದು ಅರ್ಥವಾದರೆ ನಿನಗೆ ಇಷ್ಟವಾದ ಅರ್ಧ ಅಡುಗೆ ತಾನಾಗಿಯೇ ಹದಕ್ಕೆ ಬರುತ್ತದೆ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ನೀರು 100 ಡಿಗ್ರಿಗೆ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಎಷ್ಟೇ ಉರಿ ಕೊಟ್ಟರೂ ಅದಕ್ಕಿಂತ ಬಿಸಿಯಾಗುವುದಿಲ್ಲ, ಆವಿಯಾಗಿ ಹೋಗುತ್ತದೆ ಅಷ್ಟೇ. ಹೋಳಿನ ಮೇಲೆ ತೇವ ಇರುವ ತನಕ ಅದು ಬೇಯುತ್ತಾ ಇರುತ್ತದೆ, ಹುರಿಯುವುದಿಲ್ಲ. ಆ ಕೆಂಪು ಬಣ್ಣ, ಆ ಘಮ ಬರುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ಆಗ ಹೋಳಿನಲ್ಲಿರುವ ಸಕ್ಕರೆಯೂ ಅಮೈನೋ ಆಮ್ಲಗಳೂ (ಅಂದರೆ ಪ್ರೋಟೀನ್ ಕಟ್ಟುವ ಸಣ್ಣ ಘಟಕಗಳು) ಸೇರಿ ಹೊಸ ರುಚಿ, ಹೊಸ ಪರಿಮಳ ಹುಟ್ಟುತ್ತವೆ. ಫ್ರಾನ್ಸಿನ ಲೂಯಿ ಕಮಿ ಮೈಯಾರ್ ಎಂಬ ವಿಜ್ಞಾನಿ 1912ರಲ್ಲಿ ಇದನ್ನು ವಿವರಿಸಿದರು. ಬ್ರೆಡ್ಡಿನ ಕಂದು ಅಂಚು, ಹುರಿದ ಕಾಫಿ ಬೀಜದ ವಾಸನೆ, ಎಲ್ಲದರ ಹಿಂದೆಯೂ ಇದೇ ಇದೆ.

ಹಾಗಾಗಿ ಮೊದಲು ನೀರನ್ನು ಓಡಿಸು. ಹೋಳುಗಳನ್ನು ಒಂದೇ ಅಳತೆಗೆ ಹೆಚ್ಚು. ತೊಳೆದು ಮೇಲಿನ ಹಿಟ್ಟಿನ ಅಂಶ ತೆಗೆ, ಆಮೇಲೆ ಬಟ್ಟೆಯಲ್ಲಿ ಒತ್ತಿ ಚೆನ್ನಾಗಿ ಒರೆಸು. ಎಣ್ಣೆ ಕಾದಿದೆಯಾ ಅಂತ ಒಂದು ಹೋಳು ಹಾಕಿ ನೋಡು, ತಕ್ಷಣ ಚುರ್ ಅನ್ನಬೇಕು. ಆಮೇಲೆ ಒಂದೇ ಪದರದಲ್ಲಿ ಹರಡು, ನಡುವೆ ಜಾಗ ಬಿಡು. ಒಂದರ ಮೇಲೊಂದು ತುಂಬಿದರೆ ಆವಿ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಮುಚ್ಚಳವಂತೂ ಬೇಡ. ಉಪ್ಪು ಹೋಳಿನಿಂದ ನೀರು ಎಳೆಯುತ್ತದೆ, ಅದನ್ನು ಕೊನೆಗೆ ಹಾಕು.

ಇನ್ನು ಸುಮ್ನೆ ಬಿಡು. ಸೌಟು ಕೈಯಲ್ಲಿದ್ದರೆ ಆಡಿಸಬೇಕು ಅನ್ನಿಸುತ್ತದೆ, ನನಗೆ ಗೊತ್ತು. ಆಡಿಸಬೇಡ. ಸದ್ದು ಕೇಳು. ಮೊದಲು ಜೋರಾಗಿ ಚಟಪಟ ಅನ್ನುತ್ತದೆ, ಅದು ನೀರು ಹೋಗುತ್ತಿರುವ ಸದ್ದು. ಸ್ವಲ್ಪ ಹೊತ್ತಿಗೆ ಅದು ಇಳಿದು ಸಣ್ಣಗೆ ಸಿಮಿಸಿಮಿ ಅನ್ನತೊಡಗುತ್ತದೆ. ಹೋಳಿನ ಅಂಚಿನಲ್ಲಿ ಬಂಗಾರದ ಬಣ್ಣದ ಗೆರೆ ಕಾಣುತ್ತದೆ. ಆಗ ಒಂದನ್ನು ಮೆಲ್ಲಗೆ ಎಬ್ಬಿಸಿ ನೋಡು. ಕೆಳಗೆ ಕೆಂಪಗಾಗಿದ್ದರೆ ತಾನೇ ಬಿಟ್ಟುಕೊಂಡು ಬರುತ್ತದೆ. ಇನ್ನೂ ಅಂಟಿದ್ದರೆ ಕೆರೆಯಬೇಡ, ಇನ್ನೊಂದು ನಿಮಿಷ ತಾಳು.

ಈರುಳ್ಳಿಗೆ ಬೇರೆಯದೇ ಹದ. ಅದಕ್ಕೆ ಸಣ್ಣ ಉರಿ, ಜಾಸ್ತಿ ಹೊತ್ತು. ಐದು ನಿಮಿಷದಲ್ಲಿ ಈರುಳ್ಳಿ ಕಂದಾಗುತ್ತದೆ ಅಂತ ಯಾರು ಬರೆದಿದ್ದರೂ ನಂಬಬೇಡ. ಸಿಹಿಯಾಗಿ, ಒಂದೇ ಸಮನಾದ ಕಂದು ಬಣ್ಣಕ್ಕೆ ಬರಲು ಅರ್ಧ ಗಂಟೆಗಿಂತ ಹೆಚ್ಚೇ ಬೇಕು. ಇಲ್ಲಿ ಉಪ್ಪು ಮೊದಲೇ ಬಿದ್ದರೆ ಒಳ್ಳೆಯದು, ನೀರು ಬಿಟ್ಟು ಬೇಗ ಮೆತ್ತಗಾಗುತ್ತದೆ. ತಳ ಹಿಡಿಯುತ್ತಿದೆ ಅನ್ನಿಸಿದರೆ ಒಂದು ಚಮಚ ನೀರು ಚಿಮುಕಿಸಿ ಕೆರೆದುಬಿಡು, ಆ ಕಂದು ಬಣ್ಣವೆಲ್ಲ ಈರುಳ್ಳಿಗೇ ಸೇರುತ್ತದೆ. ಹೆಚ್ಚುವಾಗ ಕಣ್ಣೀರು ಬರುತ್ತದಲ್ವಾ, ಚಾಕು ಹರಿತ ಮಾಡಿಸಿಕೋ. ಮೊಂಡು ಚಾಕು ಈರುಳ್ಳಿಯನ್ನು ಜಜ್ಜುತ್ತದೆ, ಕಣ್ಣುರಿಸುವ ಅನಿಲ ಅಷ್ಟೂ ಜಾಸ್ತಿ ಹೊರಬರುತ್ತದೆ.

ಮೊಟ್ಟೆಗೆ ಇಷ್ಟೆಲ್ಲ ಬಿಸಿಯೇ ಬೇಡ. 60 ಡಿಗ್ರಿ ದಾಟುತ್ತಿದ್ದಂತೆ ಬಿಳಿ ಭಾಗ ಗಟ್ಟಿಯಾಗಲು ಶುರುವಾಗುತ್ತದೆ, 70ರ ಹೊತ್ತಿಗೆ ಹಳದಿಯೂ ಗಟ್ಟಿ. ಅದಕ್ಕೇ ಜೋರು ಉರಿಯಲ್ಲಿ ಅದು ರಬ್ಬರಿನಂತಾಗುವುದು. ಕದಡಿ ಹುರಿಯುವಾಗ ಇನ್ನೂ ಕೊಂಚ ಹಸಿ ಇದೆ ಅನ್ನಿಸುವಾಗಲೇ ಒಲೆ ಆರಿಸು. ಬಾಣಲೆಯ ಬಿಸಿಯಲ್ಲೇ ಉಳಿದದ್ದು ಗಟ್ಟಿಯಾಗುತ್ತದೆ.

ಬೇಳೆಗೆ ಹುಳಿ ಹಾಕುವುದಿದ್ದರೆ ಬೆಂದ ಮೇಲೆ ಹಾಕು, ಮೊದಲೇ ಹಾಕಿದರೆ ಮೆತ್ತಗಾಗಲು ಸತಾಯಿಸುತ್ತದೆ.

ದಿನಕ್ಕೊಂದು ಹೊಸ ಅಡುಗೆ ಮಾಡಬೇಕು ಅಂತ ಹಟ ಬೇಡ ಪುಟ್ಟಿ. ನಿನಗೆ ತುಂಬಾ ಇಷ್ಟವಾದ ಎರಡು ಮೂರನ್ನೇ ಹಿಡಿದುಕೊಂಡು ಮತ್ತೆ ಮತ್ತೆ ಮಾಡು. ಪ್ರತಿ ಸಲ ಒಂದೇ ಒಂದು ಬದಲಾಯಿಸು, ಉರಿಯನ್ನೋ, ಹೋಳಿನ ಅಳತೆಯನ್ನೋ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ರುಚಿ ಬಂತು ಅಂತ ಗೊತ್ತಾಗುವುದಿಲ್ಲ. ದಣಿದು ಬಂದ ದಿನ ಯೋಚನೆಯೇ ಇಲ್ಲದೆ ಕೈ ತಾನಾಗಿ ಮಾಡುವಂಥ ಅಡುಗೆ ನಿನ್ನದು ಅಂತ ಒಂದಾದರೂ ಇರಬೇಕು ಅನ್ನುವುದು ನನ್ನ ಆಸೆ. ಹೊಟ್ಟೆ ತುಂಬಾ ಬಿಸಿ ಊಟ ಮಾಡಿ ಮಲಗು.

ಇನ್ನೆರಡು ಮಾತು. ಮಿಕ್ಕ ಅನ್ನವನ್ನು ರಾತ್ರಿಯಿಡೀ ಹೊರಗೆ ಇಡಬೇಡ. ಅಗಲ ತಟ್ಟೆಯಲ್ಲಿ ಹರಡಿ ಆರಿಸಿ ಬೇಗ ಫ್ರಿಜ್ಜಿಗೆ ಇಡು. ಅಕ್ಕಿಯಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಬೇಯಿಸಿದರೂ ಪೂರ್ತಿ ಸಾಯುವುದಿಲ್ಲ. ಅನ್ನ ಹೊರಗೇ ಇದ್ದರೆ ಅದು ಬೆಳೆದು ವಿಷ ಬಿಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ.

ಎಣ್ಣೆ ಕಾಯಲು ಇಟ್ಟು ಅಡುಗೆಮನೆ ಬಿಟ್ಟು ಹೋಗಬೇಡ. ಅಕಸ್ಮಾತ್ ಬೆಂಕಿ ಹತ್ತಿಕೊಂಡರೆ ನೀರು ಸುರಿಯಲೇಬೇಡ, ಉರಿಯುವ ಎಣ್ಣೆ ಎಲ್ಲಾ ಕಡೆ ಹಾರುತ್ತದೆ. ಒಲೆ ಆರಿಸು, ಮುಚ್ಚಳ ಮುಚ್ಚು, ಪೂರ್ತಿ ತಣ್ಣಗಾಗುವ ತನಕ ತೆಗೆಯಬೇಡ. ಬಾಣಲೆಗೆ ಸರಿಹೊಂದುವ ಒಂದು ಮುಚ್ಚಳ ಒಲೆಯ ಪಕ್ಕ ಯಾವಾಗಲೂ ಇಟ್ಟಿರು.

ನಿನ್ನ ಪ್ರೀತಿಯ
ಅಪ್ಪ