ಕೆಂಪು ಬಣ್ಣ ಹಾಕುವ ಮುಂಚೆ

ಪ್ರೀತಿಯ ಪುಟ್ಟೀ,

ನೀನು ಫೋನಿಗೆ ಕಳಿಸಿದ ಚಿತ್ರ ನೋಡಿದೆ. ಮಕ್ಕಳ ಕಲಿಕೆಗೆ ನೀವು ಮಾಡುತ್ತಿರುವ ಆ್ಯಪಿನಲ್ಲಿ ಯಾವ ಮಗು ಯಾವ ಪ್ರಶ್ನೆಗೆ ಎಷ್ಟು ಸೆಕೆಂಡ್ ತೆಗೆದುಕೊಂಡಿತು ಅನ್ನುವುದೂ ಗೊತ್ತಾಗುತ್ತದೆ ಅಂದೆ. ಹಿಂದೆ ಬಿದ್ದವರ ಹೆಸರು ಕೆಂಪಗಾಗುತ್ತದಂತೆ. ಆಗಿನಿಂದ ನಿನಗೆ ಬರೆಯಬೇಕು ಅನ್ನಿಸುತ್ತಲೇ ಇದೆ.

ಅಳತೆ ಬೇಡ ಅನ್ನುವವಳಲ್ಲ ನಾನು. ನಾನು ಪಾಠ ಮಾಡುವ ಸರ್ಕಾರಿ ಶಾಲೆಯ ನಲಿ-ಕಲಿ ಪದ್ಧತಿ ನಿಂತಿರುವುದೇ ಅದರ ಮೇಲೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಅದು ಶುರುವಾದಾಗ ಪಾಠವನ್ನೆಲ್ಲ ಚಿಕ್ಕ ಚಿಕ್ಕ ಕಾರ್ಡುಗಳಾಗಿ ಒಡೆದರು. ಆ ಕಾರ್ಡುಗಳನ್ನು ಮೆಟ್ಟಿಲಿನ ಹಾಗೆ ಜೋಡಿಸಿದ್ದೇ ಕಲಿಕಾ ಏಣಿ, ಮಗು ಅದನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಹದಿನೈದು ದಿನ ಶಾಲೆ ತಪ್ಪಿಸಿದರೂ ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಶುರು. ಯಾರು ಎಲ್ಲಿದ್ದಾರೆ ಅಂತ ಗೋಡೆಯ ಮೇಲೆ ಹೆಸರಿನ ಮುಂದೆ ಗುರುತು ಹಾಕುವ ಪಟ್ಟಿ, ಪ್ರಗತಿ ನೋಟ, ಹೇಳುತ್ತದೆ. ಅದಿಲ್ಲದೆ ಮೂರು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಸಂಭಾಳಿಸಲು ನನ್ನಿಂದ ಆಗುತ್ತಿರಲಿಲ್ಲ.

ಅಕ್ಷರಗಳೂ ಅಲ್ಲಿ ಅ ಆ ಇ ಈ ಅಂತ ಬರುವುದಿಲ್ಲ, ನೆನಪಿದೆಯಾ? ರ ಗ ಸ ದ ಅ. ಐದೇ ಅಕ್ಷರ ಬಂದರೆ ಸರ, ಅರಸ, ಗರಗಸ ಓದಬಹುದು. ಮೊದಲ ಸಲ 'ಗರಗಸ' ಕೂಡಿಸಿ ಓದಿದ ಮಗು ಅವತ್ತೆಲ್ಲ ಅದನ್ನೇ ಓದುತ್ತಿರುತ್ತದೆ. ಸುಮ್ನೆ, ಖುಷಿಗೆ. ನಿಮ್ಮ ಲೆಕ್ಕದಲ್ಲಿ ಅದು ಮುಂದೆ ಹೋಗದೆ ನಿಂತ ಹೊತ್ತು, ಅಲ್ವಾ?

ಇನ್ನೊಂದು ವಿಷಯ ಇದೆ. ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಒಂದು ವರ್ಷ ಒಬ್ಬಳು ಹುಡುಗಿ ಬಂದಳು. ಅಪ್ಪ ಅಮ್ಮ ಕೊಡಗಿನ ಕಾಫಿ ತೋಟದ ಕೆಲಸ ಮುಗಿಸಿ ಊರಿಗೆ ಮರಳಿದ್ದರು. ಮೂರು ವಾರವಾದರೂ ಅವಳ ಹೆಸರಿನ ಮುಂದೆ ಗುರುತು ಬೀಳಲಿಲ್ಲ. ಅಷ್ಟರಲ್ಲಿ ಶಾಲೆ ನೋಡಲು ಮೇಲಿನವರು ಬರುತ್ತಾರೆ ಅಂತ ಗೊತ್ತಾಯಿತು. ಭಯಕ್ಕೆ ನಾನೇ ಗುರುತು ಹಾಕಿಬಿಟ್ಟೆ. ಗೋಡೆ ಚೆಂದ ಕಂಡಿತು. ಮುಂದಿನ ಕಾರ್ಡು ಕೈಗೆ ಕೊಟ್ಟಾಗ ಅವಳ ಕಣ್ಣಲ್ಲಿ ನೀರು.

ಮರುದಿನ ಆ ಗುರುತನ್ನು ಅಳಿಸಿದೆ. ಅವಳನ್ನು ನನ್ನ ಪಕ್ಕದಿಂದ ಎಬ್ಬಿಸಿ, ಮಕ್ಕಳೇ ಮಕ್ಕಳಿಗೆ ಹೇಳಿಕೊಡುವ ಗುಂಪಿಗೆ ಕಳಿಸಿದೆ. ಅಲ್ಲಿದ್ದ ಒಬ್ಬ ದೊಡ್ಡ ಹುಡುಗಿಯ ಕಿವಿಯಲ್ಲಿ ಪಿಸುಪಿಸು ಓದತೊಡಗಿದಳು. ಅರ್ಧದಷ್ಟು ಅಕ್ಷರಗಳು ಅವಳಿಗೆ ಮೊದಲೇ ಬರುತ್ತಿದ್ದವು. ಉಳಿದದ್ದನ್ನು ಕೇಳಲು ನನ್ನ ಹತ್ತಿರ ಹೆದರಿಕೆ. ಖಾಲಿ ಬಿಟ್ಟಾಗಲೂ ನನ್ನ ಪಟ್ಟಿ ತಪ್ಪು, ಗುರುತು ಹಾಕಿದಾಗಲೂ ತಪ್ಪು.

ಪ್ಯಾರಿಸ್ಸಿನ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ 1905ರಲ್ಲಿ ಬುದ್ಧಿಯ ಪರೀಕ್ಷೆ ಮಾಡಿದ್ದು ಯಾವ ಮಗುವಿಗೆ ಜಾಸ್ತಿ ಸಹಾಯ ಬೇಕು ಅಂತ ತಿಳಿಯಲು. ಆಮೇಲೆ ಅಮೆರಿಕದಲ್ಲಿ ಅದನ್ನೇ ಹಿಡಿದು ಜನರಿಗೆ ದಡ್ಡರು ಅನ್ನುವ ಹಣೆಪಟ್ಟಿ ಕಟ್ಟಿದರು. ನಿನ್ನ ಕೆಂಪು ಬಣ್ಣ ನೋಡಿದಾಗ ನನಗೆ ಬಂದ ಹೆದರಿಕೆ ಇದೇ.

ಅದಕ್ಕೇ ಎರಡು ಕೇಳುತ್ತೇನೆ. ಕೆಂಪು ಬಣ್ಣ ಟೀಚರಿಗೆ ಕಾಣಲಿ, ಮಗುವಿಗೆ ಬೇಡ. ಅದರ ಪಕ್ಕದಲ್ಲಿ ಟೀಚರು ಒಂದು ಸಾಲು ಬರೆಯಲು ಜಾಗ ಇಡಿ. 'ಹೆದರುತ್ತಾಳೆ.' 'ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದಿದ್ದ.' ನಲವತ್ತು ಸೆಕೆಂಡ್ ಯೋಚಿಸಿದ ಮಗುವೂ, ನಲವತ್ತು ಸೆಕೆಂಡ್ ಫೋನಿಗಾಗಿ ತಂಗಿಯ ಜೊತೆ ಕಿತ್ತಾಡಿದ ಮಗುವೂ ನಿನ್ನ ಪರದೆಯಲ್ಲಿ ಒಂದೇ ಥರ ಕಾಣುತ್ತವೆ ಪುಟ್ಟೀ.

ಮುಂದಿನ ವಾರ ಊರಿಗೆ ಬರುತ್ತೀಯಲ್ಲ, ಶನಿವಾರ ಬೆಳಗಿನ ಶಾಲೆಗೆ ನನ್ನ ಜೊತೆ ಬಾ. ನೆಲದ ಮೇಲೆ ಕೂರಬೇಕು, ಚೂಡಿದಾರ್ ತಂದುಕೋ.

ನಿನ್ನ,
ಅಮ್ಮ