ಅಜ್ಜಿಗೆ ಒಂದು ಬಟ್ಟಲು ತೋಫು ಸಿಹಿ

ಅಮ್ಮ, ಅಪ್ಪನಿಗೆ ನಮಸ್ಕಾರ. ನಾನು ಆರಾಮಾಗಿದ್ದೇನೆ. ಸುಮಾಳ ಪರೀಕ್ಷೆ ಚೆನ್ನಾಗಿ ಆಯಿತೆಂದು ತಿಳಿದು ಖುಷಿಯಾಯಿತು.

ಅಮ್ಮ, ನಿನ್ನ ಕಾಗದ ಓದಿದಾಗಿನಿಂದ ಅಜ್ಜಿಯದೇ ಯೋಚನೆ. ಜ್ವರ ಬಿಟ್ಟರೂ ಊಟ ಸೇರುತ್ತಿಲ್ಲ, ಹಲ್ಲಿನ ಸೆಟ್ ಹಾಕಿಕೊಂಡರೆ ಒಸಡು ಉರಿಯುತ್ತದೆ, ಹಾಲು ಕುಡಿದರೆ ಹೊಟ್ಟೆ ಕೆಡುತ್ತದೆ ಅಂತ ಬರೆದಿದ್ದೀಯ. ರವಿಕೆಯೆಲ್ಲ ಸಡಿಲವಾಗಿದೆ ಅನ್ನುವ ಸಾಲು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಡಾಕ್ಟರು ಪ್ರೋಟೀನ್ ಜಾಸ್ತಿ ಕೊಡಿ ಅಂದರಂತೆ. ಕೊಡುವುದಾದರೂ ಏನನ್ನು? ಮೊಟ್ಟೆ ಮುಟ್ಟುವವಳಲ್ಲ. ಬೇಳೆಕಟ್ಟು ಕಂಡರೆ ಮುಖ ತಿರುಗಿಸುತ್ತಾಳೆ. ಆದರೆ ಸಿಹಿ ಅಂದರೆ ಈಗಲೂ ಬೇಡ ಅನ್ನುವುದಿಲ್ಲ, ಅಲ್ವಾ? ಅದನ್ನೇ ಹಿಡಿದುಕೊಂಡು ಈ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ಅಳತೆ ಮರೆತುಹೋಗುತ್ತದೆ. ಇದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಬಿಡು.

ನಾನು ಹೇಳುತ್ತಿರುವುದು ತೋಫು. ಸೋಯಾ ಕಾಳನ್ನು ನೆನೆಸಿ, ರುಬ್ಬಿ, ಹಾಲು ತೆಗೆದು, ಕುದಿಸಿ, ಹೆಪ್ಪುಗಟ್ಟಿಸಿ ಮಾಡುವುದು. ಹಸುವಿನ ಹಾಲು ಒಂದು ಹನಿಯೂ ಇರುವುದಿಲ್ಲ. ಹಾಗಾಗಿ ಹಾಲಿನಿಂದ ಆಗುವ ತೊಂದರೆ ಇದರಿಂದ ಆಗುವುದಿಲ್ಲ. ಇಲ್ಲಿ ಜಪಾನಿನಲ್ಲಿ ಮುಖ್ಯವಾಗಿ ಎರಡು ಥರ ಸಿಗುತ್ತದೆ. ಬಟ್ಟೆ ಹಾಸಿದ ಅಚ್ಚಿಗೆ ಹಾಕಿ, ಒತ್ತಿ ನೀರು ತೆಗೆದದ್ದು ಮೊಮೆನ್, ಅದು ಗಟ್ಟಿ. ಒತ್ತದೆ ಹಾಗೇ ಹೆಪ್ಪಾಗಲು ಬಿಟ್ಟದ್ದು ಕಿನುಗೋಶಿ. ಅಜ್ಜಿಗೆ ಬೇಕಾದ್ದು ಈ ಎರಡನೆಯದು. ಎಳೆ ಗಿಣ್ಣಿನ ಹಾಗಿರುತ್ತದೆ, ಹಲ್ಲೇ ಬೇಡ, ನಾಲಿಗೆಯಿಂದ ಒತ್ತಿದರೆ ಸಾಕು. 100 ಗ್ರಾಮಿನಲ್ಲಿ ಸುಮಾರು 5 ಗ್ರಾಂ ಪ್ರೋಟೀನ್ ಇರುತ್ತದೆ.

"ಆ ಸಪ್ಪೆ ಬಿಳಿ ಗಡ್ಡೆ ತಿಂದು ಹೇಗೆ ಬದುಕುತ್ತೀಯ" ಅಂತ ಅಪ್ಪ ಕೇಳಿದ್ದರಲ್ಲ. ಅಪ್ಪ, ಇಲ್ಲಿನವರ ಮುಂದೆ ಹಾಗೆ ಹೇಳಿಬಿಟ್ಟೀರಿ! 1782ರಲ್ಲೇ ಒಸಾಕಾದಲ್ಲಿ ತೋಫುವಿನ 100 ಅಡುಗೆಗಳ ಪುಸ್ತಕ ಅಚ್ಚಾಗಿತ್ತು. ಇನ್ನೊಂದು ವಿಷಯ ಅಜ್ಜಿಗೆ ತಪ್ಪದೆ ಹೇಳಿ. ಟೋಕಿಯೋದ ಅಸಾಕುಸದಲ್ಲಿ ಸೆನ್ಸೋಜಿ ಅಂತ ದೊಡ್ಡ ದೇವಾಲಯವಿದೆ. ಪ್ರತಿ ವರ್ಷ ಫೆಬ್ರವರಿ 8ಕ್ಕೆ ಹೊಲಿಗೆಯವರು ಮುರಿದ, ಸವೆದ ಸೂಜಿಗಳನ್ನು ಅಲ್ಲಿಗೆ ತಂದು ಮೆತ್ತನೆಯ ತೋಫುವಿಗೆ ಚುಚ್ಚುತ್ತಾರೆ. ಜೀವಮಾನವಿಡೀ ಗಟ್ಟಿ ಬಟ್ಟೆಯಲ್ಲಿ ದುಡಿದ ಸೂಜಿಗೆ ಕೊನೆಗಾದರೂ ಮೆತ್ತನೆಯ ಜಾಗ ಸಿಗಲಿ ಅಂತ. ಹೊಲಿಗೆ ಡಬ್ಬಿಯನ್ನು ಅಷ್ಟು ಜೋಪಾನ ಮಾಡುವ ಅಜ್ಜಿಗೆ ಇದು ಖಂಡಿತ ಇಷ್ಟವಾಗುತ್ತದೆ. ಈ ಕತೆ ಹೇಳುತ್ತಲೇ ಎರಡು ಚಮಚ ತಿನ್ನಿಸು.

ಈಗ ಮಾಡುವ ಬಗೆ. ಇಲ್ಲಿ ಕಿನುಗೋಶಿಯ ಮೇಲೆ ಕಪ್ಪು ಸಕ್ಕರೆಯ ಪಾಕ ಸುರಿದು, ಹುರಿದ ಸೋಯಾ ಹಿಟ್ಟು ಉದುರಿಸುತ್ತಾರೆ. ಪಾಕಕ್ಕೆ ಕುರೊಮಿತ್ಸು, ಹಿಟ್ಟಿಗೆ ಕಿನಾಕೊ ಅನ್ನುತ್ತಾರೆ. ಕಪ್ಪು ಸಕ್ಕರೆ ಒಕಿನಾವಾ ಕಡೆಯದು, ಕಬ್ಬಿನ ಹಾಲನ್ನೇ ಕಾಯಿಸಿ ಮಾಡುವುದು. ಅಂದಮೇಲೆ ನಿನಗೆ ಹೇಳಬೇಕೇ? ಮನೆಯಲ್ಲಿ ಜೋನಿ ಬೆಲ್ಲ ಇದೆಯಲ್ಲ, ಅದೇ ಸಾಕು. ಎರಡು ಚಮಚ ಜೋನಿ ಬೆಲ್ಲಕ್ಕೆ ಒಂದು ಚಮಚ ಬಿಸಿನೀರು, ಚಿಟಿಕೆ ಏಲಕ್ಕಿ. ಬೇಕಿದ್ದರೆ ನಾಲ್ಕು ಹನಿ ಶುಂಠಿ ರಸ. ಕಿನಾಕೊ ಬದಲು ಹುರಿಗಡಲೆಯನ್ನು ನುಣ್ಣಗೆ ಪುಡಿ ಮಾಡಿ ಒಂದು ಚಮಚ ತೆಗೆದುಕೋ. ಆದರೆ ಇಲ್ಲಿನವರ ಹಾಗೆ ಒಣಪುಡಿಯನ್ನು ಮೇಲೆ ಉದುರಿಸಬೇಡ. ವಯಸ್ಸಾದವರಿಗೆ ಅದು ಗಂಟಲಿಗೆ ಹತ್ತುತ್ತದೆ. ಮೊದಲೇ ಬೆಲ್ಲದಲ್ಲಿ ಕಲಸಿಬಿಡು.

ತೋಫುವನ್ನು ಪಾತ್ರೆಯಲ್ಲಿಟ್ಟು, ಬಿಸಿನೀರಿನಲ್ಲಿ 5 ನಿಮಿಷ ಸಣ್ಣ ಉರಿಯಲ್ಲಿ ಕಾಯಿಸು. ಥಂಡಿಯೂ ಹೋಗುತ್ತದೆ, ಕಾಳಿನ ಹಸಿ ವಾಸನೆಯೂ ಹೋಗುತ್ತದೆ. ಅಗಲ ಚಮಚದಿಂದ ತೆಳ್ಳಗೆ ಪದರ ಪದರವಾಗಿ ಬಟ್ಟಲಿಗೆ ತೆಗೆದು, ನೀರು ಬಸಿದು, ಮೇಲೆ ಪಾಕ ಹಾಕು. ಅಷ್ಟೇ. ಕಾಲು ಗಂಟೆಯ ಕೆಲಸವೂ ಅಲ್ಲ.

ಮೆತ್ತನೆಯದು ಊರಲ್ಲಿ ಸಿಗದಿದ್ದರೆ ಸುಮಾ ಬೆಂಗಳೂರಿನಿಂದ ಬರುವಾಗ ತರಲಿ. ಡಬ್ಬಿಯ ಮೇಲೆ ಸಿಲ್ಕನ್ ತೋಫು ಅಂತ ಇರಬೇಕು. ಅಲ್ಲಿಯವರೆಗೆ ಸೋಯಾ ಪನೀರ್ ಅಂತ ಮಾರುವ ಗಟ್ಟಿ ತೋಫುವೇ ಆಗುತ್ತದೆ. 100 ಗ್ರಾಂ ತೆಗೆದುಕೊಂಡು 3 ನಿಮಿಷ ಕುದಿಸಿ, ಎರಡು ಕಳಿತ ಏಲಕ್ಕಿ ಬಾಳೆಹಣ್ಣು, ಎರಡು ಚಮಚ ಜೋನಿ ಬೆಲ್ಲ, ಸ್ವಲ್ಪ ನೀರು ಹಾಕಿ ಮಿಕ್ಸಿಯಲ್ಲಿ ಚೆನ್ನಾಗಿ ತಿರುಗಿಸು. ಚೂರೂ ತರಿ ಇರಬಾರದು. ಬಾಳೆಹಣ್ಣು ಸೇರಿದರೆ ಸೋಯಾ ಅಂತ ಗೊತ್ತೇ ಆಗುವುದಿಲ್ಲ. ಉಳಿದ ತುಂಡನ್ನು ನೀರಿನಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಡು, ದಿನಾ ನೀರು ಬದಲಿಸು. ಅಜ್ಜಿಗಂತೂ ಎರಡು ದಿನಕ್ಕಿಂತ ಹಳೆಯದು ಕೊಡಬೇಡ.

ಮುಖ್ಯವಾದ ಮಾತು. ಅಜ್ಜಿಯ ಥೈರಾಯ್ಡ್ ಮಾತ್ರೆ ಬೆಳಗ್ಗೆ ಅಲ್ವಾ? ಸೋಯಾ ಆ ಮಾತ್ರೆಯನ್ನು ಮೈಗೆ ಸರಿಯಾಗಿ ಹತ್ತಲು ಬಿಡುವುದಿಲ್ಲ. ಮಾತ್ರೆಗೂ ತೋಫುವಿಗೂ 4 ಗಂಟೆ ಅಂತರ ಇರಲಿ. ಸಂಜೆ ಕೊಟ್ಟರೆ ತಾಪತ್ರಯವೇ ಇಲ್ಲ. ಡಾಕ್ಟರಿಗೂ ಒಂದು ಮಾತು ತಿಳಿಸು. ಮೊದಲ ದಿನ ಎರಡೇ ಚಮಚ ಕೊಟ್ಟು ನೋಡು. ನೆಟ್ಟಗೆ ಕೂರಿಸಿ ತಿನ್ನಿಸು. ನುಂಗುವಾಗ ಕೆಮ್ಮು ಬಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ಹೇಳಲೇಬೇಕು, ಸುಮ್ನೆ ಬಿಡಬೇಡ. ಅಪ್ಪ, ನಿಮಗೆ ಶುಗರ್ ಇದೆ. ತೋಫು ತಿನ್ನಿ, ಪಾಕ ಬೇಡ. ಮೆಣಸಿನಪುಡಿ, ಉಪ್ಪು ಹಾಕಿಕೊಳ್ಳಿ.

ನನ್ನ ಬಗ್ಗೆ ಏನೂ ಚಿಂತೆ ಬೇಡ. ಊಟ ಸರಿಯಾಗಿ ಮಾಡುತ್ತಿದ್ದೇನೆ, ನಿದ್ದೆ ಸರಿಯಾಗಿದೆ, ಚಳಿಗೆ ದಪ್ಪ ಕೋಟು ಇದೆ, ರೂಮಿನಲ್ಲಿ ಹೀಟರ್ ಇದೆ, ಕೆಲಸದಲ್ಲಿ ಎಲ್ಲರೂ ಒಳ್ಳೆಯವರು. ದುಡ್ಡಿಗೂ ತೊಂದರೆಯಿಲ್ಲ. ಅಜ್ಜಿಗೆ ಏನು ಬೇಕಾದರೂ ಹಿಂದೆಮುಂದೆ ನೋಡದೆ ತರಿಸು. ಅಜ್ಜಿಯೂ ಬೇಗ ಚೇತರಿಸಿಕೊಳ್ಳುತ್ತಾಳೆ, ನೋಡುತ್ತಿರು. ಜ್ವರ ಬಿಟ್ಟ ಮೇಲೆ ಬಾಯಿ ರುಚಿ ಬರಲು ಸ್ವಲ್ಪ ದಿನ ಬೇಕೇ ಬೇಕು. ಆದರೂ ಈ ವಾರ ತೂಕ ನೋಡಿಸು, ಮುಂದಿನ ವಾರ ಮತ್ತೆ ನೋಡಿಸು. ಎಷ್ಟಿದೆಯೋ ಅಷ್ಟೇ ಬರೆ, ನನಗೆ ಬೇಜಾರಾಗುತ್ತದೆ ಅಂತ ಮುಚ್ಚಿಡಬೇಡ.

ಪೋಸ್ಟ್ ಆಫೀಸು ಮುಚ್ಚುವ ಹೊತ್ತಾಯಿತು, ಓಡಬೇಕು. ಮಾವನಿಗೆ ಬೇರೆ ಬರೆಯುತ್ತೇನೆ. ಅಜ್ಜಿ ಎಷ್ಟು ಚಮಚ ತಿಂದಳು ಅಂತ ಅವತ್ತೇ ರಾತ್ರಿ ಮೆಸೇಜ್ ಹಾಕಲು ಸುಮಾಗೆ ಹೇಳು.

ನಿಮ್ಮ ಪ್ರೀತಿಯ,
ರಘು